ಪಾಲಪ್ಪನ ಹಳೆಯ ಸ್ಕ್ಯಾನ್

ಸರ್ವರಿನ ಅಪ್‌ಗ್ರೇಡಿಗೆ ಬುಷ್ರಾ ಭಾನುವಾರವನ್ನೇ ಕೇಳಿಕೊಂಡಿದ್ದಳು. ಶಿರಾದ ಆ ಸ್ಕ್ಯಾನಿಂಗ್ ಸೆಂಟರಿನಲ್ಲಿ ಜನ ಕಡಿಮೆಯಾಗುವುದು ಭಾನುವಾರ ಮಧ್ಯಾಹ್ನ ಮಾತ್ರ.

"ಚೆನ್ನಾಗಿ ಓಡ್ತಾ ಇರೋದನ್ನ ಯಾಕಮ್ಮ ಕೆದಕ್ತೀಯ?" ಎಂದು ಡಾಕ್ಟರ್ ಪ್ರಭುದೇವ್ ತಿಂಗಳುಗಟ್ಟಲೆ ಮುಂದಕ್ಕೆ ತಳ್ಳುತ್ತಾ ಬಂದಿದ್ದರು. ಸೆಂಟರು ಅವರದ್ದು. ಮಧುಗಿರಿ, ಕೊರಟಗೆರೆ, ಪಾವಗಡದಲ್ಲಿ ಒಂದೊಂದು ಶಾಖೆ. ಅಲ್ಲಿ ತೆಗೆದ ಸ್ಕ್ಯಾನ್‌ಗಳೆಲ್ಲ ತಂತಿಯ ಮೇಲೆ ಶಿರಾಕ್ಕೆ ಬಂದು ಬೀಳುತ್ತಿದ್ದವು. ಕತ್ತಲೆ ಕೋಣೆಯಲ್ಲಿ ಕೂತು ಡಾಕ್ಟರು ಅವನ್ನು ನೋಡಿ ವರದಿ ಬರೆಯುತ್ತಿದ್ದರು.

ಅಷ್ಟನ್ನೂ ಹೊತ್ತು ನಿಂತಿದ್ದದ್ದು ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯ ಒಂದೇ ಒಂದು ಸರ್ವರ್. ಒಂದೇ ಮನೆಯಲ್ಲಿ ಮೂರು ಸಂಸಾರ ಬಾಡಿಗೆಗಿದ್ದ ಹಾಗೆ ಅದರೊಳಗೆ ಮೂರು ಕಂಪ್ಯೂಟರುಗಳು ಇದ್ದವು. ನಿಜವಾದವಲ್ಲ, ಸಾಫ್ಟ್‌ವೇರ್ ಕಟ್ಟಿಕೊಟ್ಟ ಕಂಪ್ಯೂಟರುಗಳು, ವರ್ಚುಯಲ್ ಮೆಷಿನ್‌ಗಳು. ಪ್ರತಿಯೊಂದೂ ಇಡೀ ಮನೆ ತನ್ನದೇ ಎಂದು ನಂಬಿಕೊಂಡು ಓಡುತ್ತಿತ್ತು. ಒಂದು ಬಿಲ್ಲಿಗೆ, ಒಂದು ವರದಿ ಕಳಿಸಲು. ಮೂರನೆಯದು ಎಲ್ಲಕ್ಕಿಂತ ಹಳೆಯದು. ಸೆಂಟರು ಶುರುವಾದ ದಿನದಿಂದ ತೆಗೆದ ಸ್ಕ್ಯಾನ್‌ಗಳೂ ಬರೆದ ವರದಿಗಳೂ ಎಲ್ಲ ಅದರ ಹೊಟ್ಟೆಯಲ್ಲಿದ್ದವು. ಅದನ್ನು ಮಾರಿದ ಕಂಪನಿ ಯಾವತ್ತೋ ಬಾಗಿಲು ಹಾಕಿತ್ತು. ಬುಷ್ರಾ ಅದನ್ನು 'ಮುದುಕ' ಎನ್ನುತ್ತಿದ್ದಳು.

ಮೂರಕ್ಕೂ ನೆಲವಾಗಿದ್ದದ್ದು ಡೆಬಿಯನ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ. ಹೊಸದರ ಹಿಂದೆ ಓಡದೆ, ಪರೀಕ್ಷೆಯಾಗಿ ಗಟ್ಟಿಯಾದದ್ದನ್ನೇ ಇಟ್ಟುಕೊಂಡು ವರ್ಷಗಟ್ಟಲೆ ಅಲುಗಾಡದೆ ನಿಲ್ಲುವಂಥದ್ದು. ಆದರೆ ನಿಲ್ಲುವುದಕ್ಕೂ ಒಂದು ಅವಧಿ ಇರುತ್ತದೆ. ಇವರ ಆವೃತ್ತಿಗೆ ಭದ್ರತೆಯ ತೂತು ಮುಚ್ಚುವ ತೇಪೆಗಳು ಬರುವುದು ನಿಂತುಹೋಗಿತ್ತು. ಪಕ್ಕದ ಜಿಲ್ಲೆಯ ಒಂದು ಸೆಂಟರಿಗೆ ಯಾರೋ ಎಲ್ಲಿಂದಲೋ ಇಂಟರ್ನೆಟ್ಟಿನ ಮೂಲಕ ನುಗ್ಗಿ, ಹಣಕ್ಕಾಗಿ ಎಲ್ಲ ಸ್ಕ್ಯಾನ್‌ಗಳಿಗೆ ಬೀಗ ಜಡಿದರೆಂಬ ಸುದ್ದಿ ಬಂದ ಮೇಲೆಯೇ ಡಾಕ್ಟರು, "ಆಯ್ತು, ಮಾಡು. ಆದ್ರೆ ಜವಾಬ್ದಾರಿ ನಿಂದು" ಎಂದದ್ದು.

ಬುಷ್ರಾ ಹುಡುಗಾಟದವಳಲ್ಲ. ತುಮಕೂರಿನಲ್ಲಿ ಡಿಪ್ಲೊಮಾ ಮುಗಿಸಿ ಬಂದಾಗಿನಿಂದ ಇದೇ ಕೆಲಸ. ಎಲ್ಲದರ ನಕಲು ಬೇರೆ ಡಿಸ್ಕಿನಲ್ಲಿ ತೆಗೆದಿಟ್ಟಿದ್ದಳು. ಒಂದು ಹಳೆಯ ಕಂಪ್ಯೂಟರಿನ ಮೇಲೆ ಹೊಸ ಆವೃತ್ತಿ ಹಾಕಿ, ಎರಡು ಮೆಷಿನ್‌ಗಳನ್ನು ಅದರಲ್ಲಿ ಎಬ್ಬಿಸಿ ನೋಡಿದ್ದಳು. ಮುದುಕನ ಡಿಸ್ಕು ಮಾತ್ರ ಅದರಲ್ಲಿ ಹಿಡಿಸದಷ್ಟು ದೊಡ್ಡದು. ಅವೆರಡು ಎದ್ದರೆ ಇದೂ ಏಳುತ್ತದೆ ಅಂದುಕೊಂಡಳು.

ರಂಜಾನ್ ತಿಂಗಳು. ನಸುಕಿನ ಸಹರಿ ಊಟದ ನಂತರ ಬಾಯಿಗೆ ಒಂದು ಹನಿ ನೀರೂ ಬಿದ್ದಿರಲಿಲ್ಲ. ಕೊನೆಯ ರೋಗಿ ಹೋದ ಮೇಲೆ ಮೂರು ಮೆಷಿನ್‌ಗಳನ್ನೂ ಒಂದೊಂದಾಗಿ ಸರಿಯಾಗಿ ಮಲಗಿಸಿದಳು. ಮನಸ್ಸಿನಲ್ಲೇ ಬಿಸ್ಮಿಲ್ಲಾ ಅಂದು ಕೆಲಸ ಶುರುಮಾಡಿದಳು. ತೆರೆಯ ಮೇಲೆ ಸಾಲುಗಳು ಸರಸರ ಮೇಲಕ್ಕೆ ಹರಿದವು. ಸರ್ವರ್ ನಿಂತು, ಮತ್ತೆ ಎದ್ದಿತು. ಬಿಲ್ಲಿನ ಮೆಷಿನ್ ಎದ್ದಿತು. ವರದಿಯದೂ ಎದ್ದಿತು.

ಮುದುಕ ಏಳಲಿಲ್ಲ.

ಒಂದೇ ಒಂದು ಸಾಲಿನ ತಕರಾರು ಬಂತು. ಬುಷ್ರಾ ಅದನ್ನು ಎರಡು ಸಲ ಓದಿದಳು. ಈ ಮೆಷಿನ್ ಕಟ್ಟಿದ ಕಾಲದಲ್ಲಿ ಸಾಫ್ಟ್‌ವೇರ್ ಅದಕ್ಕೆ ಒಂದು ಸುಳ್ಳು ಮದರ್‌ಬೋರ್ಡ್ ತೋರಿಸುತ್ತಿತ್ತು. ಆ ಮಾದರಿ ಈಗ ತೀರಾ ಹಳತಾಯಿತೆಂದು ಹೊಸ ಆವೃತ್ತಿಯಿಂದ ಕಿತ್ತುಹಾಕಿದ್ದರು. ಮುದುಕ ಕೇಳುತ್ತಿದ್ದ ಮನೆ ಊರಲ್ಲೇ ಇರಲಿಲ್ಲ.

ಅಷ್ಟರಲ್ಲಿ ಫೋನು.

"ಬುಷ್ರಾಕ್ಕ, ಪಾವಗಡದಿಂದ ಗಂಗಲಕ್ಷ್ಮಿ. ಒಂದು ತಲೆ ಸ್ಕ್ಯಾನ್ ತೆಗ್ದಿದೀನಿ, ಎಮರ್ಜೆನ್ಸಿ. ಕಳಿಸಿದ್ರೆ ಹೋಗ್ತಾನೇ ಇಲ್ಲ ಅಕ್ಕ."

ಗಂಗಲಕ್ಷ್ಮಿ ಪಾವಗಡ ಶಾಖೆಯ ಟೆಕ್ನಿಶಿಯನ್. ಕೆಲಸಕ್ಕೆ ಸೇರಿ ವಾರ ಕಳೆದಿತ್ತಷ್ಟೆ. ಇವತ್ತು ಸರ್ವರ್ ನಿಲ್ಲುತ್ತದೆ, ಎಮರ್ಜೆನ್ಸಿ ಬಂದರೆ ಮೊದಲು ಫೋನ್ ಮಾಡು ಎಂದು ಬುಷ್ರಾ ಹೇಳಿದ್ದಳು. ಅದಕ್ಕೆ ದಾರಿಯನ್ನೂ ಯೋಚಿಸಿಟ್ಟಿದ್ದಳು. ಮುದುಕನನ್ನು ಬಿಟ್ಟು ನೇರವಾಗಿ ಡಾಕ್ಟರ ಕಂಪ್ಯೂಟರಿಗೇ ಕಳಿಸುವ ವಿಳಾಸ ಹೇಳಿಕೊಟ್ಟಳು. ಸ್ವಲ್ಪ ಹೊತ್ತಿಗೆಲ್ಲ ಚಿತ್ರಗಳು ಕತ್ತಲೆ ಕೋಣೆಗೆ ಬಂದವು. ಬುಷ್ರಾ ಉಸಿರು ಬಿಟ್ಟಳು.

ಆ ನೆಮ್ಮದಿ ಬಹಳ ಹೊತ್ತು ಉಳಿಯಲಿಲ್ಲ. ಪ್ರಭುದೇವ್ ಬಾಗಿಲಿಗೆ ಬಂದು ನಿಂತರು.

"ನಿಡುಗಲ್ಲಿನ ಪಾಲಪ್ಪ ಅಂತೆ. ಹೋದ ತಿಂಗಳು ಹುಣಸೆ ಮರದಿಂದ ಬಿದ್ದು ನಮ್ಮಲ್ಲೇ ಸ್ಕ್ಯಾನ್ ಮಾಡಿಸಿದ್ದನಂತೆ. ಇವತ್ತು ಬೆಳಗ್ಗಿಂದ ವಾಂತಿ, ಮಂಪರು, ಮಾತು ತೊದಲ್ತಾ ಇದೆ. ತಲೇಲಿ ರಕ್ತ ನಿಂತಿದೆ ಬುಷ್ರಾ. ಆದ್ರೆ ಅದು ಅವತ್ತೇ ಇಷ್ಟಿತ್ತೋ, ಈಗ ಬೆಳೆದಿದೆಯೋ ನೋಡ್ಬೇಕು. ಹಳೇ ಸ್ಕ್ಯಾನ್ ತೆಗಿ."

"ಸರ್, ಹಳೇದೆಲ್ಲ ಮುದುಕನ ಹತ್ರ ಇದೆ. ಅದು ಏಳ್ತಾ ಇಲ್ಲ."

ಡಾಕ್ಟರ ಮುಖ ಬಿಗಿದುಕೊಂಡಿತು. "ಏಳ್ತಾ ಇಲ್ಲ ಅಂದ್ರೆ?"

ಅವಳು ಹೇಳಿದಳು. ಸುತ್ತಿ ಬಳಸಲಿಲ್ಲ.

"ನಾನು ಬೇಡ ಬೇಡ ಅಂತ ಬಡ್ಕೊಂಡೆ!" ಎಂದು ಅವರು ಕೂಗಿದ್ದು ಹೊರಗೆ ನೆಲ ಒರೆಸುತ್ತಿದ್ದ ಆಯಾಗೂ ಕೇಳಿಸಿತು. ಕೂಗಿದ ಮೇಲೆ ತಾವೇ ದನಿ ತಗ್ಗಿಸಿದರು. "ಫಿಲ್ಮು, ರಿಪೋರ್ಟು ಎಲ್ಲ ನಿಡುಗಲ್ಲಿನ ಮನೇಲಿ ಬಿಟ್ಟು ಬಂದಿದಾರೆ. ಅದನ್ನ ತರೋಕೆ ಹೋದ್ರೆ ಆಗೋ ಕೆಲಸ ಅಲ್ಲ. ಆಂಬುಲೆನ್ಸ್ ಹೊರಡಿಸ್ತೀನಿ. ಕೊರಟಗೆರೆವರೆಗೂ ಹೇಗಿದ್ರೂ ಒಂದೇ ದಾರಿ. ಅಲ್ಲಿಂದ ತುಮಕೂರಿಗೋ ಬೆಂಗಳೂರಿಗೋ ಅಂತ ನಾನು ಹೇಳ್ಬೇಕು."

"ಬೆಂಗಳೂರಿಗೇ ಕಳಿಸಿಬಿಟ್ರೆ ಸರ್?"

"ಗುಂಡಿಗೆ ಸರಿಯಿಲ್ಲದ ಮನುಷ್ಯ. ಸಕ್ಕರೆ ಬೇರೆ ಕೆಳಗೆ ಇಳಿದಿದೆ. ಈ ಮಂಪರು ಅದರದ್ದೇ ಆಗಿದ್ರೆ ಹತ್ರದ ಐಸಿಯು ತುಮಕೂರು, ಅಲ್ಲೇ ಸರಿ. ರಕ್ತ ಬೆಳೆದಿದ್ರೆ ತುಮಕೂರಲ್ಲಿ ಇವತ್ತು ತಲೆ ಆಪರೇಶನ್ ಮಾಡೋರು ಯಾರೂ ಇಲ್ಲ, ಅಲ್ಲಿಗೆ ಹೋದ್ರೆ ಹೊತ್ತು ಹಾಳು. ಎರಡರಲ್ಲಿ ಯಾವುದು ತಪ್ಪಿದ್ರೂ ಆ ಮನುಷ್ಯನಿಗೇ ಪೆಟ್ಟು."

ಅವರು ಹೋದರು. ಬುಷ್ರಾ ತೆರೆಯ ಕಡೆ ತಿರುಗಿದಳು. ನಾಲಿಗೆ ಒಣಗಿ ಅಂಗುಳಿಗೆ ಅಂಟಿಕೊಂಡಿತ್ತು. ಅದು ರೋಜಾ ಉಪವಾಸದಿಂದಲೋ ಹೆದರಿಕೆಯಿಂದಲೋ ಅವಳಿಗೇ ತಿಳಿಯಲಿಲ್ಲ.

ಹಿಂದಕ್ಕೆ ಹೋಗಬಹುದಿತ್ತು. ನಕಲಿನಿಂದ ಹಳೆಯ ಡೆಬಿಯನ್ನನ್ನೇ ಮತ್ತೆ ತಂದು ಕೂರಿಸುವುದು. ಆದರೆ ಅದು ಮುಗಿಯುವ ಹೊತ್ತಿಗೆ ಆಂಬುಲೆನ್ಸು ಕೊರಟಗೆರೆ ದಾಟಿರುತ್ತದೆ. ಇನ್ನೊಂದು ದಾರಿ, ಮುದುಕನಿಗೆ ಹೊಸ ಮಾದರಿಯ ಬೋರ್ಡ್ ಕೊಟ್ಟು ನೋಡುವುದು. ಮುದುಕನೊಳಗಿನ ಹಳೆಯ ವಿಂಡೋಸು ಹೊಸ ಬೋರ್ಡ್ ನೋಡಿ ಬೆದರಿ ಡಿಸ್ಕಿನ ಮೇಲೆ ಏನಾದರೂ ಗೀಚಿಬಿಟ್ಟರೆ? ಅವಳು ಮೂಲ ಡಿಸ್ಕನ್ನು ಮುಟ್ಟಲಿಲ್ಲ. ಅದರ ಮೇಲೆ ತೆಳ್ಳಗಿನ ಒಂದು ಪದರ ಹಾಸಿದಳು. ಮುದುಕ ಏನು ಬರೆದರೂ ಆ ಪದರದ ಮೇಲೆಯೇ ಬರೆಯಬೇಕು, ಕೆಟ್ಟರೆ ಅದನ್ನು ಸುಲಿದು ಬಿಸಾಡಬಹುದು.

ಬೋರ್ಡಿನ ಹೆಸರು ಬದಲಿಸಿ ಎಬ್ಬಿಸಿದಳು. ವಿಂಡೋಸಿನ ಗುರುತು ಮೂಡಿತು. ಬುಷ್ರಾ ಕುರ್ಚಿಯ ತುದಿಗೆ ಬಂದಳು. ಮರುಗಳಿಗೆ ತೆರೆ ಪೂರ್ತಿ ನೀಲಿಯಾಯಿತು. ಅದಕ್ಕೆ ತನ್ನ ಡಿಸ್ಕೇ ಸಿಗುತ್ತಿರಲಿಲ್ಲ.

ಪದರ ಸುಲಿದಳು. ಇನ್ನೊಂದು ಹಾಸಿದಳು. ಮತ್ತೊಂದು ಮಾದರಿ. ಮತ್ತೆ ನೀಲಿ.

ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು.

"ಮೇಡಂ, ನಾನು ಪಾಲಪ್ಪನ ಮಗ, ಸುನೀಲ್‌ಕುಮಾರ್. ಪಾವಗಡದ ಮೇಡಂ ನಂಬರ್ ಕೊಟ್ರು." ಹಿಂದೆ ಸೈರನ್ನು. "ಮಿಡಿಗೇಶಿ ದಾಟಿದ್ವಿ. ನಮ್ಮಪ್ಪ ಕರುದ್ರೂ ಕಣ್ ಬುಡ್ತಿಲ್ಲ. ಹಳೇ ಫೋಟೋ ಸಿಕ್ತಿಲ್ಲ ಅಂದ್ರಂತೆ? ನಿಮ್ ಸೆಂಟರ್‌ನಾಗೇ ತೆಗ್ಸಿದ್ದು, ಹೆಂಗ್ ಸಿಕ್ಕಲ್ಲ?"

'ತಾಂತ್ರಿಕ ತೊಂದರೆ' ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಆಸ್ಪತ್ರೆಗಳಲ್ಲಿ, ಬ್ಯಾಂಕುಗಳಲ್ಲಿ ಎಲ್ಲರೂ ಹೇಳುವ ಮಾತು. ಕೇಳಿದವರು ಮತ್ತೆ ಪ್ರಶ್ನೆ ಕೇಳುವುದಿಲ್ಲ.

"ಸಿಗುತ್ತೆ ಅಣ್ಣ. ಆದ್ರೆ ಆ ಕಂಪ್ಯೂಟರನ್ನ ಇವತ್ತು ನಾನೇ ನಿಲ್ಲಿಸಿದ್ದೆ, ಹೊಸದು ಹಾಕೋಕೆ. ಈಗ ಏಳ್ತಾ ಇಲ್ಲ. ಎಬ್ಬಿಸ್ತಾ ಇದೀನಿ."

ಅವನು ಸಿಡಿದ.

"ಏನ್ ಮೇಡಂ ನೀವು? ನಮ್ಮಪ್ಪ ಇಲ್ಲಿ ಸಾಯಂಗೌನೆ, ನೀವು ರಿಪೇರಿ ಮಾಡ್ಕಂಡ್ ಕುಂತಿದೀರಾ? ಏನಾರಾ ಆದ್ರೆ ಸುಮ್ಕೆ ಬುಡಾಕಿಲ್ಲ ನಾನು!"

"ಬಿಡಬೇಡಿ. ಆದ್ರೆ ಫೋನ್ ಕಟ್ ಮಾಡ್ಬೇಡಿ, ಹತ್ತಿರಾನೇ ಇಟ್ಕೊಂಡಿರಿ" ಎಂದಳು. ಕಣ್ಣು ಮಂಜಾಯಿತು. ದುಪಟ್ಟಾದ ಅಂಚಿನಿಂದ ಒರೆಸಿಕೊಂಡು ಮೂರನೆಯ ಪದರ ಹಾಸಲು ಕೈ ಹಾಕಿದಳು.

ಪ್ರಭುದೇವ್ ಮತ್ತೆ ಬಂದರು. ಈ ಸಲ ಕೂಗಲಿಲ್ಲ. ಗೋಡೆಗೆ ಒರಗಿ ನಿಂತು ನೀಲಿ ತೆರೆಯನ್ನು ನೋಡಿದರು.

"ಎಷ್ಟು ಹೊತ್ತಾಗುತ್ತೆ ಇದು?"

"ಗೊತ್ತಿಲ್ಲ ಸರ್. ಎದ್ರೂ ನೆಟ್‌ವರ್ಕ್ ಸಿಗ್ಬೇಕು, ಆಮೇಲೆ ಆ ಸ್ಕ್ಯಾನ್ ಸಾಫ್ಟ್‌ವೇರ್ ಏಳ್ಬೇಕು…"

"ನೋಡಮ್ಮ. ನಿನ್ನ ಮೆಷಿನ್ ಏಳುತ್ತೋ ಬಿಡುತ್ತೋ, ಅದು ನಾಳೆ ನೋಡೋಣ. ನನಗೆ ಮೆಷಿನ್ ಬೇಡ. ಆ ಒಬ್ಬನ ಸ್ಕ್ಯಾನ್ ಬೇಕು, ಅಷ್ಟೆ."

ಬುಷ್ರಾಳ ಕೈ ಕೀಲಿಗಳ ಮೇಲೇ ನಿಂತಿತು.

ಮುದುಕನನ್ನು ಎಬ್ಬಿಸಲೇಬೇಕೆಂದು ಯಾರು ಹೇಳಿದ್ದರು? ಅವನು ಮಲಗಿರಲಿ. ಮಲಗಿದವನ ಜೇಬಿನಲ್ಲಿ ಇರುವುದನ್ನು ತೆಗೆದುಕೊಂಡರೆ ಆಯಿತಲ್ಲ! ಡಿಸ್ಕು ಎಂದರೆ ಸರ್ವರ್ ಲೆಕ್ಕದಲ್ಲಿ ಒಂದು ದೊಡ್ಡ ಫೈಲು. ಅದನ್ನು ಡೆಬಿಯನ್ನಿನಿಂದಲೇ ಬಿಚ್ಚಿ ನೋಡಬಹುದು. ಓದಲು ಮಾತ್ರ, ಬರೆಯಲು ಬಿಡದಂತೆ. ಮಧ್ಯಾಹ್ನ ಅವಳು ಅದನ್ನು ಸರಿಯಾಗಿಯೇ ಮಲಗಿಸಿದ್ದರಿಂದ ಒಳಗೆ ಏನೂ ಅರ್ಧಂಬರ್ಧವಾಗಿ ಉಳಿದಿರಲಿಲ್ಲ. ಏಳದಿರುವ ಮೆಷಿನ್ ಕಣ್ಣ ಮುಂದೆ ಇದ್ದದ್ದರಿಂದ ಇಷ್ಟು ಹೊತ್ತು ಅದೊಂದೇ ಅವಳಿಗೆ ಕಂಡಿತ್ತು.

"ಸರ್, ಐದು ನಿಮಿಷ ಕೊಡಿ."

"ಮಧುಗಿರಿ ಹತ್ರ ಬಂದಿರ್ತಾರೆ" ಎಂದರು ಅವರು. ಹೋಗಲಿಲ್ಲ, ಅಲ್ಲೇ ನಿಂತರು.

ಡಿಸ್ಕು ಬಿಚ್ಚಿಕೊಂಡಿತು. ಒಳಗೆ ದಿನಕ್ಕೊಂದರಂತೆ ಫೋಲ್ಡರುಗಳು. ಒಂದೊಂದರೊಳಗೂ ಬರೀ ಅಂಕಿಗಳೇ ಹೆಸರಾಗಿರುವ ಸಾವಿರಾರು ಫೈಲುಗಳು. ರೋಗಿಯ ಹೆಸರು ಫೈಲಿನ ಹೊಟ್ಟೆಯೊಳಗೆ ಬರೆದಿರುತ್ತದೆ, ಹೊರಗೆ ಕಾಣುವುದಿಲ್ಲ. ಪಾಲಪ್ಪ ಎಂಬ ಹೆಸರನ್ನು ಇಡೀ ಡಿಸ್ಕಿನಲ್ಲಿ ಹುಡುಕಲು ಬಿಟ್ಟಳು. ಅದು ತೆವಳತೊಡಗಿತು. ಹೀಗೆ ಹೋದರೆ ನಾಲ್ಕು ತಾಲ್ಲೂಕಿನ ಮುರಿದ ಮೂಳೆಗಳನ್ನೆಲ್ಲ ಎಣಿಸಿ ಬರುವಷ್ಟರಲ್ಲಿ ಕತ್ತಲಾಗುತ್ತದೆ. ದಿನ ಗೊತ್ತಾದರೆ ಮಾತ್ರ ದಾರಿ.

"ಸುನೀಲಣ್ಣ, ಹೋದ ಸಲ ಯಾವ ದಿನ ಸ್ಕ್ಯಾನ್ ಮಾಡ್ಸಿದ್ದು? ತಾರೀಖು ಹೇಳಿ."

"ತಾರೀಖು… ನಾನವಾಗ ಊರಾಗಿರ್ಲಿಲ್ಲ ಮೇಡಂ. ಅಮ್ಮನ್ನ ಕೇಳ್ರಿ."

ಫೋನು ಕೈ ಬದಲಾಯಿತು. ಪಾಲಪ್ಪನ ಹೆಂಡತಿ ಓಬಕ್ಕನ ದನಿ ಅತ್ತು ಅತ್ತು ಕಟ್ಟಿಹೋಗಿತ್ತು.

"ತಾರೀಕು ನಂಗೇನ್ ತಿಳೀತದಮ್ಮ? ಅಮಾಸೆ ದಿನ ಬಿದ್ದ ಕಣಮ್ಮ. ಅಮಾಸೆ ದಿನ ಮರ ಹತ್‌ಬ್ಯಾಡ ಅಂದೆ, ಚೆಪ್ತೆ ವಿನಲೇದು, ಮಾತೇ ಕೇಳ್ನಿಲ್ಲ. ಏನೂ ಆಗಿಲ್ಲ ಅಂತ ಅವತ್ತೆಲ್ಲ ಬಿದ್ಕಂಡಿದ್ದ. ಮಾರ್ನೆ ದಿನ ಪಾವಗಡಕ್ಕೆ ಕರ್ಕಬಂದ್ವಿ."

ಪ್ರಭುದೇವ್ ಮೊಬೈಲಿನಲ್ಲಿ ಕ್ಯಾಲೆಂಡರ್ ಹುಡುಕತೊಡಗಿದರು. ಬುಷ್ರಾಳಿಗೆ ಅದು ಬೇಕಾಗಲಿಲ್ಲ. ಆ ಅಮಾವಾಸ್ಯೆಯ ಬೆನ್ನಿಗೇ ಅವಳ ತಾಯಿ ಅಫ್ಜಲುನ್ನೀಸಾ ಸಂಜೆ ಮಾಳಿಗೆ ಹತ್ತಿ ನಿಂತು ರಂಜಾನಿನ ಚಂದ್ರನನ್ನು ಹುಡುಕಿದ್ದಳು. ಮಗಳನ್ನೂ ಎಳೆದುಕೊಂಡು ಹೋಗಿದ್ದಳು. ಮೊದಲ ರೋಜಾದ ತಾರೀಖು ಬುಷ್ರಾಳ ನಾಲಿಗೆಯ ಮೇಲೇ ಇತ್ತು. ಅಲ್ಲಿಂದ ಹಿಂದಕ್ಕೆ ಎಣಿಸಿ ಫೋಲ್ಡರ್ ತೆರೆದಳು.

ಆ ಒಂದು ದಿನದೊಳಗೆ ಹುಡುಕಲು ಹೇಳಿದಳು. ಏನೂ ಬರಲಿಲ್ಲ.

"ಇಲ್ವಾ?" ಎಂದರು ಡಾಕ್ಟರು.

"ಇರಿ ಸರ್." ಇಂಗ್ಲಿಷಿನಲ್ಲಿ ಪಾಲಪ್ಪನನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಪಾವಗಡದ ಹಿಂದಿನ ಟೆಕ್ನಿಶಿಯನ್ ಎಲ್ಲರ ಹೆಸರಿಗೂ ಒಂದು ದೀರ್ಘ ಹೆಚ್ಚಾಗಿ ಹಾಕುವವನು. ಅವಳು ಇನ್ನೊಂದು 'ಎ' ಸೇರಿಸಿ ಒತ್ತಿದಳು.

ಸಾಲುಗಳು ಸುರಿದವು. ಊರು ನಿಡುಗಲ್. ಗಂಡು. ತಲೆ ಸ್ಕ್ಯಾನ್.

ಫೈಲುಗಳನ್ನು ಡಾಕ್ಟರ ಕಂಪ್ಯೂಟರಿಗೆ ತಳ್ಳುವಷ್ಟರಲ್ಲಿ ಅವರು ಕತ್ತಲೆ ಕೋಣೆಗೆ ಓಡಿಯಾಗಿತ್ತು. ಬುಷ್ರಾ ಹಿಂದೆಯೇ ಹೋದಳು. ಎರಡು ತೆರೆಗಳ ಮೇಲೆ ಒಂದೇ ತಲೆ ಎರಡು ಸಲ. ಎಡಗಡೆಯದರಲ್ಲಿ ತಲೆಬುರುಡೆಯ ಒಳಮೈಗೆ ಉಗುರಿನಂತೆ ಅಂಟಿದ ಒಂದು ಬಿಳಿ ಗೆರೆ. ಬಲಗಡೆ, ಇವತ್ತಿನದರಲ್ಲಿ, ಅದೇ ಜಾಗ ಊದಿಕೊಂಡು ಬೂದುಬಣ್ಣಕ್ಕೆ ತಿರುಗಿ, ಮಿದುಳನ್ನು ಆಚೆಗೆ ಒತ್ತಿ ಹಿಡಿದಿತ್ತು. ನೋಡಿದರೆ ಅವಳಿಗೂ ಅರ್ಥವಾಗುವಂತಿತ್ತು.

ಅವಳ ಕೈಯಲ್ಲಿದ್ದ ಫೋನಿನಲ್ಲಿ ಸುನೀಲನ ಕರೆ ಇನ್ನೂ ನಡೆದೇ ಇತ್ತು. "ಮೇಡಂ, ಕೊರಟಗೆರೆ ಬಂತು. ಡ್ರೈವರ್ ಗಾಡಿ ಸೈಡಿಗ್ ಹಾಕವ್ನೆ. ಎತ್ಲಾಗ್ ಹೋಗಾನ ಅಂತ ಕೇಳ್ತಾವ್ನೆ."

ಪ್ರಭುದೇವ್ ಫೋನು ಕಿತ್ತುಕೊಂಡರು. "ಬೆಂಗಳೂರು! ಉರ್ಡಿಗೆರೆ ಮೇಲೆ ದಾಬಸ್‌ಪೇಟೆ ಹಿಡಿದು ನೇರ ಬೆಂಗಳೂರು. ಎಲ್ಲೂ ನಿಲ್ಲಿಸ್ಬೇಡಿ. ದಾರೀಲಿ ಗ್ಲೂಕೋಸ್ ಓಡ್ತಾ ಇರ್ಲಿ, ಗಾಡೀಲಿರೋ ನರ್ಸಿಗೆ ಕೊಡಿ ಫೋನು, ಹೇಳ್ತೀನಿ. ಅಲ್ಲಿ ಸರ್ಜನ್‌ಗೆ ಈಗಲೇ ಮಾತಾಡ್ತೀನಿ."

ಎರಡೂ ಸ್ಕ್ಯಾನ್‌ಗಳು ಸರ್ಜನ್ನರಿಗೆ ಹೋದವು. ಬುಷ್ರಾ ಮೆಟ್ಟಿಲ ಮೇಲೆ ಬಂದು ಕೂತಳು. ಮಸೀದಿಯಿಂದ ಬಾಂಗ್ ಕೇಳಿಸಿದಾಗ ಆಯಾ ಒಂದು ಲೋಟ ನೀರೂ ಎರಡು ಖರ್ಜೂರವೂ ತಂದುಕೊಟ್ಟಳು.

"ಹಳೇದಕ್ಕೇ ವಾಪಸ್ ಹೋಗಿಬಿಡು" ಎಂದರು ಪ್ರಭುದೇವ್, ಪಕ್ಕದಲ್ಲಿ ಬಂದು ನಿಂತು. "ನಕಲಿದೆಯಲ್ಲ. ಬೆಳಗ್ಗೆ ಜನ ಬರೋ ಹೊತ್ತಿಗೆ ಮೊದಲಿನ ಹಾಗೆ ಓಡ್ಲಿ."

ಹೂಂ ಅನ್ನುವುದು ಸುಲಭವಿತ್ತು.

"ಇವತ್ತು ಹಿಂದಕ್ಕೆ ಹೋದ್ರೆ ಇನ್ಯಾವತ್ತೂ ನೀವು ನನ್ನ ಮುಂದಕ್ಕೆ ಬಿಡಲ್ಲ ಸರ್. ಮುದುಕ ಹೀಗೇ ಇನ್ನಷ್ಟು ಹಳೇದಾಗ್ತಾನೆ. ಆ ಪಕ್ಕದ ಜಿಲ್ಲೆಯವರಿಗೆ ಆದದ್ದೇ ನಮಗಾದ್ರೆ ಆಗ ಒಬ್ಬನ ಸ್ಕ್ಯಾನ್ ಅಲ್ಲ, ಯಾರದೂ ಸಿಗಲ್ಲ." ಲೋಟ ಕೆಳಗಿಟ್ಟು, "ಮುದುಕನನ್ನ ಪರೀಕ್ಷೆ ಮಾಡದೆ ಎಬ್ಬಿಸೋಕೆ ಹೋದದ್ದು ನನ್ನ ತಪ್ಪು. ಅದನ್ನ ಒಪ್ಕೋತೀನಿ. ಅಪ್‌ಗ್ರೇಡ್ ಮಾಡಿದ್ದು ತಪ್ಪು ಅಂತ ಒಪ್ಕೊಳಲ್ಲ" ಎಂದಳು.

ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಹಾಗಾದ್ರೆ ಏನು ಮಾಡ್ತೀಯ?"

"ಎಲ್ಲ ಸ್ಕ್ಯಾನ್‌ಗಳನ್ನೂ ಅವನ ಹೊಟ್ಟೆಯಿಂದ ಹೊರಗೆ ತೆಗೆದು ಬೇರೆ ಕಡೇನೂ ಇಡ್ತೀನಿ. ಯಾವ ಮೆಷಿನ್ ಬಿದ್ರೂ ಹೆಸರು ಹಾಕಿದ್ರೆ ಸಿಗೋ ಹಾಗೆ. ಆಮೇಲೆ ಅವನನ್ನ ಎಬ್ಬಿಸ್ತೀನಿ."

"ಮೊದಲು ಏನಾದ್ರೂ ತಿನ್ನು" ಎಂದಷ್ಟೇ ಹೇಳಿ ಅವರು ಒಳಗೆ ಹೋದರು.

ತಿಂದು ಬಂದ ಮೇಲೆ ತಲೆ ತಿಳಿಯಾಗಿತ್ತು. ಮೊದಲು ಸ್ಕ್ಯಾನ್‌ಗಳನ್ನೆಲ್ಲ ಹೊರಗೆ ತೆಗೆದು ಬೇರೆ ಡಿಸ್ಕಿಗೆ ಹಾಕಿದಳು. ಬೋರ್ಡು ಬದಲಿಸುವಾಗ ಡಿಸ್ಕಿನ ಜೋಡಣೆಯೂ ಹೊಸ ಬಗೆಗೆ ತಿರುಗಿಕೊಂಡದ್ದು ಈಗ ಕಣ್ಣಿಗೆ ಬಿತ್ತು. ಹಳೆಯ ವಿಂಡೋಸಿಗೆ ಆ ಬಗೆ ಗೊತ್ತೇ ಇರಲಿಲ್ಲ. ಅದಕ್ಕೆ ಗೊತ್ತಿದ್ದ ಹಳೆಯ ಜೋಡಣೆಯನ್ನೇ ಕೊಟ್ಟಳು. ಈ ಸಲ ತೆರೆ ನೀಲಿಯಾಗಲಿಲ್ಲ. ಮುದುಕ ಗೊಣಗುತ್ತಾ, ಹೊಸ ಹಾರ್ಡ್‌ವೇರ್ ಸಿಕ್ಕಿತೆಂದು ಒಂದರ ಮೇಲೊಂದು ಸೂಚನೆ ತೋರಿಸುತ್ತಾ ಎದ್ದು ಕೂತ. ತನ್ನ ನೆಟ್‌ವರ್ಕ್ ವಿಳಾಸ ಮರೆತಿದ್ದ. ಅದನ್ನೂ ಬರೆದುಕೊಟ್ಟಳು. ಮಧುಗಿರಿಯಿಂದ ಒಂದು ಪರೀಕ್ಷೆಯ ಚಿತ್ರ ಕಳಿಸಲು ಹೇಳಿದಳು, ಬಂತು. ಕೊರಟಗೆರೆಯಿಂದಲೂ ಬಂತು.

ಮರುದಿನ ಬೆಳಗ್ಗೆ ಸೆಂಟರಿನ ಬಾಗಿಲು ತೆರೆಯುವ ಹೊತ್ತಿಗೆ ಸುನೀಲ್‌ಕುಮಾರ್ ಫೋನ್ ಮಾಡಿದ. ದನಿಯಲ್ಲಿ ನಿದ್ದೆಯಿಲ್ಲದ ಒರಟು ಇತ್ತು.

"ಮೇಡಂ, ಆಪ್ರೇಸನ್ ಆಯ್ತು. ತಲೆಯಿಂದ ರಕ್ತ ತೆಗುದ್ರು. ಕಣ್ ಬುಟ್ಟವ್ನೆ, ಅಮ್ಮನ್ ಹೆಸ್ರು ಹಿಡ್ದು ಕರುದ್ನಂತೆ. ಬಲಗೈ ಇನ್ನಾ ಸೋತದೆ, ಬರ್ತದೋ ಇಲ್ವೋ ಈಗ್ಲೇ ಹೇಳಾಕಾಗಲ್ಲ ಅಂದ್ರು ಡಾಕ್ಟ್ರು."

"ಅಲ್ಲಾಹ್…" ಎಂದಳು ಬುಷ್ರಾ.

"ಇನ್ನೊಂದ್ ಗಂಟೆ ತಡ ಆಗಿದ್ರೆ ಕಷ್ಟ ಇತ್ತು ಅಂದ್ರು. ತುಮಕೂರಿಗ್ ಹೋಗಿದ್ರೆ…" ಅವನು ಅಲ್ಲಿಗೇ ನಿಲ್ಲಿಸಿದ. "ಮೇಡಂ, ನಿಮ್ ಮ್ಯಾಲಿನ್ ಸಿಟ್ಟು ನಂಗಿನ್ನಾ ಹೋಗಿಲ್ಲ. ಸುಳ್ಳ್ಯಾಕ್ ಹೇಳ್ಲಿ. ಆದ್ರೆ ನೀವೂ ಸುಳ್ ಹೇಳ್ಲಿಲ್ಲ. ಅದ್ನ ಹೇಳಾನ ಅಂತ ಮಾಡ್ದೆ."

ಬುಷ್ರಾ ಫೋನಿಟ್ಟಳು. ಹೊರಗೆ ಸೋಮವಾರದ ಜನ ಆಗಲೇ ಬೆಂಚು ತುಂಬಿಕೊಂಡಿದ್ದರು. ಕತ್ತಲೆ ಕೋಣೆಗೆ ಹೋಗಿ ವಿಷಯ ಹೇಳಿದಳು.

ಪ್ರಭುದೇವ್ ತೆರೆಯಿಂದ ಮುಖ ತಿರುಗಿಸಿದರು. "ಮಗ ಏನಂದ?"

"ಸಿಟ್ಟು ಹೋಗಿಲ್ಲ ಅಂದ ಸರ್."

"ಹೂಂ. ನನ್ನಪ್ಪ ಆಗಿದ್ರೆ ನನಗೂ ಹೋಗ್ತಿರಲಿಲ್ಲ" ಎಂದರು ಅವರು. ಆಮೇಲೆ ಪಕ್ಕದ ಖಾಲಿ ಕುರ್ಚಿಯನ್ನು ಅವಳ ಕಡೆ ಎಳೆದರು. "ಕೂತ್ಕೋ. ಕೊರಟಗೆರೆಯಿಂದ ಒಂದು ಮಗುವಿನ ಕೈ ಬಂದಿದೆ. ಅಪ್‌ಗ್ರೇಡ್ ಆದ ನಿನ್ನ ಮೆಷಿನ್‌ನಲ್ಲಿ ಎಷ್ಟು ಬೇಗ ತೆರೆದುಕೊಳ್ಳುತ್ತೆ, ನೀನೇ ನೋಡು."